ಬೇರೆಯವರ ಸೂತಕ

ನಮ್ಮ ಮನೆಯ ನಾಯಿ ಸತ್ತ ದಿನವೇ ಶಿರೂರಿನಲ್ಲಿ ನನ್ನ ಗಂಡನ ಕುಟುಂಬದ ಹಿರಿಯರೊಬ್ಬರು ತೀರಿಕೊಂಡರು. ವರಸೆಯಲ್ಲಿ ಅವರು ನನ್ನ ಗಂಡನಿಗೆ ತಾಯಿಯ ಕಡೆಯ ಮಾವ. ವರಸೆ ಎಂದರೆ ಬರೀ ವರಸೆ. ಆ ಮನುಷ್ಯನನ್ನು ಇವರು ಜೀವಮಾನದಲ್ಲಿ ಕಂಡದ್ದು ಮೂಲಮನೆಯ ದೈವದ ಪೂಜೆಯಲ್ಲಿ ಒಂದೇ ಸಲ, ಅದೂ ಬೆನ್ನಿನ ಕಡೆಯಿಂದ. ಹಾಗಿದ್ದರೂ ಆ ಎರಡು ಸಾವುಗಳು ಒಂದಕ್ಕೊಂದು ಅಂಟಿಕೊಂಡು ಬಿಟ್ಟವು. ಇವತ್ತಿಗೂ ಅವನ್ನು ಬಿಡಿಸಿ ಬೇರೆ ಮಾಡಲು ನನ್ನಿಂದ ಆಗಿಲ್ಲ.

ಸಾಲಿಗ್ರಾಮ ದಾಟಿ ಬ್ರಹ್ಮಾವರದ ಕಡೆ ಹೋಗುವಾಗ ಹೈವೇ ಬದಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಗಂಡ ಮುಂಬೈಯಲ್ಲಿ ಬೇರೆಯವರ ಹೋಟೆಲಿನ ಗಲ್ಲೆಯ ಮೇಲೆ ಕೂತು ಕೂತು ಬೇಜಾರಾಗಿ ಊರಿಗೆ ಬಂದು ಹಾಕಿದ್ದು. ಬೆಳಿಗ್ಗೆ ಬನ್ಸ್, ಇಡ್ಲಿ, ಸಂಜೆಗೆ ಗೋಳಿಬಜೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು. ಹೋಟೆಲಿನ ಹಿಂದೆಯೇ ಮನೆ. ಮಗಳು ಮದುವೆಯಾಗಿ ಮಂಗಳೂರಿನಲ್ಲಿದ್ದಾಳೆ. ಮನೆಯಲ್ಲಿ ಉಳಿದದ್ದು ನಾವಿಬ್ಬರು ಮತ್ತು ನಾಯಿ.

ಅದನ್ನು ಯಾರೋ ಒಂದು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಹೋಟೆಲಿನ ಮೆಟ್ಟಿಲ ಮೇಲಿಟ್ಟು ಹೋಗಿದ್ದರು. ನಮ್ಮ ಕಡೆ ನಾಯಿಮರಿಗೆ ಕುನ್ನಿ ಎನ್ನುತ್ತಾರೆ. ಇವರು 'ದೊಡ್ಡದಾದ ಮೇಲೆ ಒಳ್ಳೆ ಹೆಸರಿಡ್ವ' ಎಂದರು. ಅದು ದೊಡ್ಡದಾಯಿತು, ಮುದಿಯೂ ಆಯಿತು, ಹೆಸರು ಮಾತ್ರ ಕುನ್ನಿಯೇ ಉಳಿಯಿತು. ನನಗೂ ಅದಕ್ಕೂ ಮೊದಲಿನಿಂದ ಅಷ್ಟಕ್ಕಷ್ಟೇ. ಒಣಹಾಕಿದ ಬಟ್ಟೆಯ ಕೆಳಗೇ ಅದಕ್ಕೆ ಮಲಗಬೇಕು. ಗುಡಿಸಿದ ಅಂಗಳದಲ್ಲೇ ಗುಂಡಿ ತೋಡಬೇಕು. ದಿನಕ್ಕೆ ಹತ್ತು ಸಲ ಬೈಯುತ್ತಿದ್ದೆ. ಅನ್ನ ಕಲಸಿ ಹಾಕುತ್ತಿದ್ದವಳೂ ನಾನೇ. ಆದರೆ ಅದರ ಜೀವವೆಲ್ಲ ಇವರ ಮೇಲೆ. ಇವರು ಗಲ್ಲೆಯಿಂದ ಎದ್ದರೆ ಅದೂ ಏಳುತ್ತಿತ್ತು, ಇವರು ಹಾಲು ತರಲು ಹೋದರೆ ಸ್ಕೂಟರಿನ ಹಿಂದೆ ಡೈರಿಯವರೆಗೆ ಓಡುತ್ತಿತ್ತು. ಮನೆಯಲ್ಲಿ ಹೆಚ್ಚು ಮಾತಿಲ್ಲದ ನನ್ನ ಗಂಡ ಅದರ ಹತ್ತಿರ ಮಾತ್ರ ಗಂಟೆಗಟ್ಟಲೆ ಮಾತಾಡುತ್ತಿದ್ದರು. ತೆಂಗಿನಕಾಯಿಯ ರೇಟು, ಕೆಲಸಕ್ಕೆ ಚಕ್ಕರ್ ಹೊಡೆದ ಸಪ್ಲಾಯರ್, ಮಂಡಿನೋವು, ಎಲ್ಲವನ್ನೂ ಅದಕ್ಕೆ ಹೇಳುವುದು. ಹೆಂಡತಿಗೆ ಹೇಳದ್ದನ್ನು ನಾಯಿಗೆ ಹೇಳುವ ಗಂಡಸರು ಲೋಕದಲ್ಲಿ ಎಷ್ಟಿದ್ದಾರೋ ಗೊತ್ತಿಲ್ಲ, ನನಗೆ ಸಿಕ್ಕಿದ್ದಂತೂ ಅಂಥವರೇ.

ದೀಪಾವಳಿ ಕಳೆದ ಮೇಲೆ ಅದು ಊಟ ಬಿಟ್ಟಿತು. ಉಣ್ಣಿಯಿಂದ ಬಂದ ಜ್ವರ ಎಂದರು ಡಾಕ್ಟರು. ಇಂಜೆಕ್ಷನ್ ಆಯಿತು, ಡ್ರಿಪ್ ಆಯಿತು. ರಿಕ್ಷಾದ ಹಿಂದಿನ ಸೀಟಿನಲ್ಲಿ ಗೋಣಿ ಹಾಸಿ ಅದನ್ನು ಮಲಗಿಸಿಕೊಂಡು ದಿನಾ ಹೋಗಿ ಬಂದದ್ದಾಯಿತು. ಕಡೆಗೆ ಡಾಕ್ಟರು ರಕ್ತದ ರಿಪೋರ್ಟು ನೋಡಿ, ಕಿಡ್ನಿ ಎರಡೂ ಹೋಗಿದೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಇವರು 'ಹಂಗಂದ್ರೆ?' ಎಂದು ಕೇಳಿದರು. ಡಾಕ್ಟರು ಪಾಪ, ಎರಡನೇ ಸಲವೂ ಅದನ್ನೇ ಹೇಳಿದರು. ರಿಕ್ಷಾದಲ್ಲಿ ವಾಪಸು ಬರುವಾಗ ಇವರು ಇನ್ನೊಮ್ಮೆ ನನ್ನ ಹತ್ತಿರ, 'ಹಂಗಂದ್ರೆ ಎಂತ?' ಎಂದರು. ಉತ್ತರ ಇಬ್ಬರಿಗೂ ಗೊತ್ತಿತ್ತು.

ಸತ್ತ ದಿನ ಬೆಳಿಗ್ಗೆಯಿಂದ ಇವರು ಹಿಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಕಾಲು ಜೋಮು ಹಿಡಿದಿದೆ ಎಂದರು, ಆದರೂ ಎದ್ದೇಳಲಿಲ್ಲ. ನಾನು ಚಮಚದಲ್ಲಿ ಗಂಜಿತಿಳಿ ತಂದು ಬಾಯಿಗಿಟ್ಟೆ. ಅದು ಕುಡಿಯಲಿಲ್ಲ, ನನ್ನ ಮುಖ ನೋಡಿತು. ಅಷ್ಟು ವರ್ಷ ಬೈದವಳು ಈಗ ಚಮಚ ಹಿಡಿದು ಬಂದಿದ್ದಾಳಲ್ಲ ಎಂದು ನೋಡಿತೋ ಏನೋ, ನನಗೆ ಹಾಗೆಯೇ ಅನಿಸಿತು. ಮಧ್ಯಾಹ್ನದ ಹೊತ್ತಿಗೆ ಒಂದು ದೀರ್ಘ ಉಸಿರು ಬಿಟ್ಟಿತು, ಮತ್ತೆ ಎಳೆದುಕೊಳ್ಳಲಿಲ್ಲ. ಇವರ ಕೈ ಅದರ ಕಿವಿಯ ಮೇಲಿತ್ತು. ಎಷ್ಟೋ ಹೊತ್ತು ಆ ಕೈ ಅಲ್ಲಿಯೇ ಇತ್ತು, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಲೇ ಇದ್ದೆ.

ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದ ಇಣುಕಿ, 'ಅಯ್ಯೋ, ಹೋಯ್ತಾ? ತೆಂಗಿನ್ ಬುಡದಗೆ ಉಪ್ಪ್ ಹಾಕಿ ಹುಗಿನಿ, ಒಳ್ಳೆ ಗೊಬ್ರ ಆತ್ತ್' ಎಂದಳು. ಕೆಟ್ಟ ಹೆಂಗಸಲ್ಲ. ನಮ್ಮ ಕಡೆ ಎಲ್ಲರೂ ಹೇಳುವ ಮಾತೇ ಅದು. ನಾನೂ ಬೇರೆಯವರಿಗೆ ಹೇಳಿರಬಹುದು. ಆ ಹೊತ್ತಿಗೆ ಮಾತ್ರ ಅವಳ ಮುಖಕ್ಕೆ ಉಪ್ಪು ಎಸೆಯೋಣ ಎನ್ನುವಷ್ಟು ಸಿಟ್ಟು ಬಂತು. ಇವರು ತೆಂಗಿನ ಮರಗಳನ್ನೆಲ್ಲ ಬಿಟ್ಟು, ಬಾವಿಯ ಆಚೆ ಅಬ್ಬಲಿಗೆ ಹೂವಿನ ಗಿಡಗಳಿದ್ದಲ್ಲಿ ಒಬ್ಬರೇ ಗುಂಡಿ ತೋಡಿದರು. ಹೆಗಲು ಕೊಡಲು ಜನ ಬೇಡ, ಮಂತ್ರ ಬೇಡ, ಸ್ನಾನ ಕೂಡ ಬೇಕೋ ಬೇಡವೋ ಎಂದು ಗೊತ್ತಿಲ್ಲ. ಒಂದು ಹಳೆಯ ಪಂಚೆಯಲ್ಲಿ ಸುತ್ತಿ ಮಲಗಿಸಿದೆವು. ಆಮೇಲೆ ಇವರು ಜಗಲಿಗೆ ಬಂದು ಕೂತು ಅಳತೊಡಗಿದರು.

ಮದುವೆಯಾಗಿ ಮೂವತ್ತು ವರ್ಷದ ಹತ್ತಿರ ಬಂತು. ಈ ಗಂಡಸು ಅತ್ತದ್ದನ್ನು ನಾನು ನೋಡಿರಲಿಲ್ಲ. ಅವರ ಅಮ್ಮ ಹೋದಾಗಲೂ ಓಡಾಡಿ ಕೆಲಸ ಮಾಡಿದ್ದರೇ ಹೊರತು ಕಣ್ಣಲ್ಲಿ ನೀರಿರಲಿಲ್ಲ. ಈಗ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ. ಏನು ಮಾಡಬೇಕೆಂದೇ ನನಗೆ ತಿಳಿಯಲಿಲ್ಲ. ಹತ್ತಿರ ಹೋಗಿ ನಿಂತೆ, ಬೆನ್ನಿನ ಮೇಲೆ ಕೈ ಇಡಲೋ ಬೇಡವೋ ಎಂದು ಯೋಚಿಸಿದೆ, ಕಾಫಿ ಮಾಡುತ್ತೇನೆ ಎಂದು ಒಳಗೆ ಬಂದೆ. ಒಲೆಯ ಮುಂದೆ ನಿಂತಾಗ ನನಗೂ ಅಳು ಬಂತು. ಸೆರಗಿನಲ್ಲಿ ಒರೆಸಿಕೊಂಡೆ. ಇಬ್ಬರೂ ಅಳಲು ಕೂತರೆ ಕಾಫಿ ಮಾಡುವವರು ಯಾರು?

ಅವತ್ತು ಸಂಜೆ ಇವರು ಫೋನಿನ ಸ್ಟೇಟಸ್ಸಿಗೆ ಒಂದು ದೀಪದ ಚಿತ್ರ ಹಾಕಿದರು. ನಾಯಿಯ ಫೋಟೋ ಹಾಕಲು ನಾಚಿಕೆ. ನಾಲ್ಕು ಜನ ನಗುತ್ತಾರೆ ಎಂದು ಭಯ. ಹಾಗಾಗಿ ಬರೀ ದೀಪ, ಕೆಳಗೆ ಕೈ ಮುಗಿದ ಗುರುತು. ಅದೇ ಸಂಜೆ ಕುಟುಂಬದ ಗ್ರೂಪಿನಲ್ಲಿ ಶಿರೂರಿನ ಮಾವ ತೀರಿಕೊಂಡ ಸುದ್ದಿ ಬಂತು. ದೀಪ ನೋಡಿದವರು ಸುದ್ದಿ ನೋಡಿದರು, ಸುದ್ದಿ ನೋಡಿದವರು ದೀಪ ನೋಡಿದರು. ಮರುದಿನ ಹೋಟೆಲಿನ ಶಟರು ಏಳಲಿಲ್ಲ. ಇದು ಮಾವನ ಸೂತಕ ಎಂದು ಜನರ ಲೆಕ್ಕ ಸರಿಯಾಯಿತು.

ನಮ್ಮಲ್ಲಿ ಸೂತಕ ತಾಯಿಯ ಕಡೆಯಿಂದ ಬರುತ್ತದೆ. ಗಂಡನ ಕುಟುಂಬದ ಸಾವು ಗಂಡನಿಗೆ. ಒಂದೇ ಮನೆಯಲ್ಲಿದ್ದರೂ ನನಗೆ ಅದು ತಾಗುವುದಿಲ್ಲ, ಮಗಳಿಗೂ ಇಲ್ಲ. ಇವರಿಗೆ ಮಾತ್ರ ಬೊಜ್ಜದವರೆಗೆ, ಎಂದರೆ ಉತ್ತರಕ್ರಿಯೆ ಮುಗಿದು ಊಟ ಹಾಕುವವರೆಗೆ, ದೇವಸ್ಥಾನ ಇಲ್ಲ, ದೀಪ ಹಚ್ಚುವಂತಿಲ್ಲ, ಶೇವಿಂಗ್ ಇಲ್ಲ. ದೂರದ ಸಂಬಂಧವಾದರೆ ಈಗೀಗ ಯಾರೂ ಇದನ್ನು ಪೂರ್ತಿ ಪಾಲಿಸುವುದಿಲ್ಲ. ಒಂದು ದಿನ ಅಂಗಡಿ ಮುಚ್ಚಿ ಮರುದಿನ ತೆರೆಯುತ್ತಾರೆ. ನನ್ನ ಗಂಡ ತೆರೆಯಲಿಲ್ಲ. ಗಡ್ಡ ಬೆಳೆಯಿತು. ಊಟಕ್ಕೆ ಕರೆದರೆ ಬಂದು ಎರಡು ತುತ್ತು ತಿಂದು ಏಳುತ್ತಿದ್ದರು. ಮೊದಲು ಅವರಿಗೇ ಗೊತ್ತಿರಲಿಲ್ಲ ಜನ ಏನು ತಿಳಿದಿದ್ದಾರೆ ಎಂದು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಅವರನ್ನು ಬೈಯಲಾರೆ. ನಾಯಿ ಸತ್ತಿದೆ ಎಂದು ಹೋಟೆಲು ಮುಚ್ಚಿ ಜಗಲಿಯಲ್ಲಿ ಕೂತರೆ ಹುಚ್ಚು ಎನ್ನುತ್ತಾರೆ. ಮಾವ ಸತ್ತಿದ್ದಾರೆ ಎಂದರೆ ಪಕ್ಕದಲ್ಲಿ ಬಂದು ಕೂರುತ್ತಾರೆ.

ಬಂದರು ಕೂಡ. ಮೊದಲು ಬಂದದ್ದು ದಿನಾ ಬೆಳಿಗ್ಗೆ ನಮ್ಮಲ್ಲೇ ಬನ್ಸ್ ತಿನ್ನುವ ನಿವೃತ್ತ ಮಾಸ್ತರರು. ಇವರ ಹೆಗಲ ಮೇಲೆ ಕೈಯಿಟ್ಟು, 'ಹ್ವಾಯ್, ಸಮಾಧಾನ ಮಾಡ್ಕಣಿ. ಎಂತ ಮಾಡೂದ್, ನಮ್ ಕೈಯಗೆ ಎಂತ ಇತ್ತ್?' ಎಂದರು. ಇವರು ಆ ಕೈಯನ್ನೇ ಹಿಡಿದುಕೊಂಡು ಗೊಳೋ ಎಂದು ಅತ್ತರು. ಮಾಸ್ತರರ ಕಣ್ಣಲ್ಲೂ ನೀರು ಬಂತು. ಹೊರಡುವಾಗ ನನ್ನ ಹತ್ತಿರ, 'ಕುಟುಂಬ ಅಂದ್ರೆ ಹೀಂಗಿರ್ಕ್ ಕಾಣಿ. ಈಗಿನ್ ಕಾಲ್ದಗೆ ಮಾವ ಸತ್ರೆ ಯಾರ್ ಮರ್ಕ್ತ್ರ್?' ಎಂದರು. ನಮ್ಮ ಕಡೆ ಅಳುವುದಕ್ಕೆ ಮರ್ಕುವುದು ಎನ್ನುತ್ತಾರೆ. ನಾನು ಅವರ ಚಾದ ಲೋಟ ಎತ್ತಿಕೊಂಡು ಒಳಗೆ ಹೋದೆ.

ಆಮೇಲೆ ಹಾಲಿನ ಡೈರಿಯವರು ಬಂದರು, ರಿಕ್ಷಾ ಸ್ಟ್ಯಾಂಡಿನವರು ಬಂದರು, ಹೆಮ್ಮಾಡಿಯಿಂದ ಇವರ ಚಿಕ್ಕಮ್ಮ ಬಸ್ಸು ಹಿಡಿದು ಬಂದರು. ಒಬ್ಬೊಬ್ಬರೂ ಹೇಳುವ ಮಾತು ಅದೇ. ಹೋದವರು ಪುಣ್ಯವಂತರು, ನೀನು ಗಟ್ಟಿಯಾಗಬೇಕು, ಹೊಟ್ಟೆಗೆ ಹಾಕಿಕೋ. ಸಾಧಾರಣ ಮಾತುಗಳೇ. ಆದರೆ ಆ ಸಾಧಾರಣ ಮಾತು ಹೇಳಲೆಂದು ಒಬ್ಬ ಮನುಷ್ಯ ಕೆಲಸ ಬಿಟ್ಟು ಬಂದು ಎದುರು ಕೂರುತ್ತಾನಲ್ಲ, ಅದರಲ್ಲಿ ಏನೋ ಇದೆ. ಜನ ಬಂದು ಹೋದ ಮೇಲೆ ಇವರು ಒಂದೆರಡು ತುತ್ತು ಹೆಚ್ಚು ಉಣ್ಣುತ್ತಿದ್ದರು. ಅದನ್ನು ಕಂಡು ನಾನೂ ಸುಮ್ಮನಾದೆ. ಔಷಧಿಯ ಬಾಟಲಿಯ ಮೇಲೆ ಯಾರದ್ದೋ ಹೆಸರಿರಲಿ, ಕುಡಿದವರಿಗೆ ಗುಣವಾದರೆ ಸಾಕು ಅನಿಸಿತು.

ನಾಯಿ ಸತ್ತದ್ದನ್ನು ನಾವೇನೂ ಮುಚ್ಚಿಟ್ಟಿರಲಿಲ್ಲ. ಬೇಲಿಯಾಚೆಯ ಹೆಂಗಸೇ ಎಲ್ಲರಿಗೂ ಹೇಳಿದ್ದಳು. ಕೆಲವರು ಎದ್ದು ಹೋಗುವಾಗ, 'ಅದ್ರ ಮೇಲೆ ನಾಯಿಯೂ ಹೋಯ್ತಂಬ್ರ್ ಅಲ್ದಾ' ಎಂದು ಸೇರಿಸುತ್ತಿದ್ದರು, ಮಳೆಗಾಲದಲ್ಲಿ ಕರೆಂಟೂ ಹೋಯಿತು ಎನ್ನುವ ಹಾಗೆ. ಈ ಅಳು ಅದಕ್ಕೇ ಇರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಮಗಳಿಗೆ ಮಾತ್ರ ಗೊತ್ತಿತ್ತು. ಅವಳು ಮೊದಲು, 'ಪಪ್ಪ, ಬೇರೆ ಮರಿ ತಕಂಬ' ಎಂದಳು. ಇವರು ಫೋನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ಆಮೇಲೆ ಅವಳು ಎಲ್ಲಿಂದಲೋ ಹುಡುಕಿ, ಸಾಕುಪ್ರಾಣಿ ಕಳೆದುಕೊಂಡವರ ಜೊತೆ ಫೋನಿನಲ್ಲಿ ಮಾತಾಡುವ ಜನರಿದ್ದಾರೆ ಎಂದು ಒಂದು ನಂಬರು ಕಳಿಸಿದಳು. ಇವರು ನನ್ನೆದುರಿಗೇ ಅದಕ್ಕೆ ಫೋನು ಮಾಡಿದರು. ಆಚೆಯಿಂದ ಒಂದು ಹುಡುಗಿ ತುಂಬ ಮೆತ್ತಗೆ ಇಂಗ್ಲಿಷಿನಲ್ಲಿ, ಆಮೇಲೆ ಪುಸ್ತಕದ ಕನ್ನಡದಲ್ಲಿ, ನಿಮ್ಮ ಭಾವನೆಗಳನ್ನು ಹಂಚಿಕೊಳ್ಳಿ ಎಂದಳು. ಇವರು ಫೋನನ್ನು ಕಿವಿಗೆ ಒತ್ತಿ ಹಿಡಿದು, 'ಊಟ ಆಯ್ತಾ?' ಎಂದು ಕೇಳಿದರು. ಅವಳು ಏನೋ ಹೇಳಿದಳು. 'ಆಯ್ತ್, ಇಡ್ತೆ' ಎಂದು ಇಟ್ಟುಬಿಟ್ಟರು. ಅವಳದ್ದೇನೂ ತಪ್ಪಿಲ್ಲ. ಮುಖ ಕಾಣದವರ ಹತ್ತಿರ ಊಟದ ಸುದ್ದಿ ಬಿಟ್ಟು ಬೇರೆ ಮಾತಾಡಿ ಇವರಿಗೆ ರೂಢಿಯಿಲ್ಲ.

ಈ ನಡುವೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳುವುದಾದರೂ ಯಾಕೆ? ನನಗೆ ಸೂತಕವೇ ಇಲ್ಲವಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚುವವಳು ನಾನು, ಬಂದವರಿಗೆ ಚಾ ಕೊಡುವವಳು ನಾನು. ಅನ್ನ ಬಸಿದ ಮೇಲೆ ಒಂದು ಹಿಡಿ ಬೇರೆ ತೆಗೆದಿಡಲು ಕೈ ಹೋಗಿ, ಹಾಗೆಯೇ ನಿಂತುಬಿಡುತ್ತಿತ್ತು. ಒಂದು ದಿನ ಒಣಹಾಕಿದ ಬಟ್ಟೆಯ ಕೆಳಗೆ ನೆಲ ಚೊಕ್ಕವಾಗಿರುವುದನ್ನು ಕಂಡು ಅಲ್ಲಿಯೇ ಕೂತು ಅತ್ತೆ. ಇವರಿಗಾದರೂ ಸಾಲಕ್ಕೆ ತಂದ ಒಂದು ಸಾವಿತ್ತು. ನನಗೆ ಅದೂ ಇರಲಿಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿತ್ತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಬೊಜ್ಜಕ್ಕೆ ಸ್ವಲ್ಪ ದಿನ ಇರುವಾಗ ಶಿರೂರಿನಿಂದ ಫೋನು ಬಂತು. ತೀರಿಹೋದವರ ಹೆಂಡತಿ. ನನ್ನ ಗಂಡನಿಗೆ ಅತ್ತೆಯಾಗಬೇಕು. ದನಿ ಕೇಳಿದ್ದು ನಮಗೆ ಅದೇ ಮೊದಲು. ಇವರು ಸ್ಪೀಕರಿಗೆ ಹಾಕಿದರು.

'ಮಗಾ, ನೀನ್ ಮಾವನಿಗಾಯಿ ಮರ್ಕದ್ದ್ ಸುದ್ದಿ ಕೇಂಡೆ. ಇಲ್ಲಿ ಯಾರೂ ಮರ್ಕ್ಲಿಲ್ಲ. ಬೊಜ್ಜದ ದಿನ ಅವ್ರಿಗೆ ಎಡೆ ಬಳ್ಸುಕೆ ಅಳಿಯ ಬೇಕಲೆ. ನೀನ್ ಬತ್ಯಾ?'

ಎಡೆ ಬಡಿಸುವುದೆಂದರೆ ಸತ್ತವರಿಗೆ ಬಾಳೆಲೆ ಹಾಕಿ ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಬಾ ಉಣ್ಣು ಎಂದು ಕರೆಯುವುದು. ಅವರ ಕುಟುಂಬದಲ್ಲಿ ಅದನ್ನು ಅಳಿಯನ ವರಸೆಯ, ಎಂದರೆ ಅಕ್ಕತಂಗಿಯ ಮಗನಾಗಬೇಕಾದ ಗಂಡಸೇ ಮಾಡಬೇಕು. ಮಾವನಿಗೆ ಸ್ವಂತ ಅಕ್ಕತಂಗಿಯರಿಲ್ಲ. ದೂರದ ಅಳಿಯಂದಿರೆಲ್ಲರ ಜೊತೆಗೂ ಅವರು ಜಗಳ ಮಾಡಿಕೊಂಡಿದ್ದರು. ಮಹಾ ಕೋಪಿಷ್ಠ ಮನುಷ್ಯನಂತೆ. ಅಂಗಳಕ್ಕೆ ಬಂದವರನ್ನು ನಿಲ್ಲಿಸಿ ಬೈಯುವವರಂತೆ. ಹಾಗಾಗಿ ಒಬ್ಬನೂ ಬರಲು ಒಪ್ಪಿಲ್ಲ. ಇವರು ಫೋನನ್ನು ನೋಡಿದರು, ನನ್ನನ್ನು ನೋಡಿದರು. 'ಬತ್ತೆ ಅತ್ತೆ' ಎಂದರು.

ನನಗೆ ತಲೆ ಕೆಟ್ಟುಹೋಯಿತು. 'ನಾಯಿಗೆ ಮರ್ಕದ್ದ್ ತಕಂಡ್ ಹೋಯಿ ಮನ್ಷನಿಗೆ ಎಡೆ ಬಳ್ಸ್ತ್ರ್ಯಾ? ದೈವಕ್ಕೆ ಎಂತ ಹೇಳ್ತ್ರಿ?' ಎಂದೆ. ಜಗಲಿಯ ಮಾತು ಬೇರೆ. ಅಲ್ಲಿ ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ಒಬ್ಬ ಹೆಂಗಸು ತನ್ನ ಗಂಡನಿಗಾಗಿ ಅಳುವವನೊಬ್ಬನಿದ್ದಾನೆ ಎಂದು ನಂಬಿ ಕೂತಿದ್ದಾಳೆ. ಹೇಳಿದರೆ ಅವಳಿಗಿರುವ ಒಂದೇ ಸಮಾಧಾನ ಹೋಗುತ್ತದೆ. ಹೇಳದಿದ್ದರೆ ಸತ್ತವನ ಎಲೆಯ ಮುಂದೆ ಸುಳ್ಳು ನಿಲ್ಲುತ್ತದೆ. ಎರಡು ದಿನ ಅದನ್ನೇ ಮಾತಾಡಿದೆವು. ಕಡೆಗೆ ಇವರು, 'ಹೋಯಿ ಹೇಳ್ತೆ. ಬಳ್ಸುಕ್ ಮುಂಚೆ ಹೇಳ್ತೆ. ಬೇಡ ಅಂದ್ರೆ ವಾಪಾಸ್ ಬಪ್ಪ' ಎಂದರು.

ಬೊಜ್ಜದ ದಿನ ಬೆಳಿಗ್ಗೆ ಬೇಗನೆ ಹೊರಟು, ಕುಂದಾಪುರದಲ್ಲಿ ಬಸ್ಸು ಬದಲಾಯಿಸಿ, ಬೈಂದೂರು ದಾಟಿ ಶಿರೂರಿನಲ್ಲಿ ಇಳಿದೆವು. ಬಸ್ಸಿನಲ್ಲಿ ಇವರು ಹೇಳಬೇಕಾದದ್ದನ್ನು ಬಾಯಲ್ಲೇ ಹೊರಳಿಸುತ್ತಿದ್ದರು, ತುಟಿ ಅಲ್ಲಾಡುವುದು ಕಾಣುತ್ತಿತ್ತು. ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅಡುಗೆಯವರು ಪಾತ್ರೆ ಇಳಿಸುತ್ತಿದ್ದರು. ಕುರ್ಚಿಗಳು ಬೇಕಾದಷ್ಟಿದ್ದವು, ಕೂತವರು ಕಡಿಮೆ. ಮುಂಬೈಯಿಂದ ಬಂದ ಮಗಳು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದಳು. ಅತ್ತೆಯನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಎಪ್ಪತ್ತು ದಾಟಿದ ಸಣಕಲು ಹೆಂಗಸು, ಬೆನ್ನು ನೆಟ್ಟಗೆ ಇಟ್ಟುಕೊಂಡು ಚಾಪೆಯ ಮೇಲೆ ಕೂತಿದ್ದರು. ಇವರನ್ನು ಕಂಡ ಕೂಡಲೆ ಗಡ್ಡದ ಮೇಲೆ ಕಣ್ಣಾಡಿಸಿ, 'ಬಂದ್ಯಾ ಮಗಾ, ಕೂಕೊ' ಎಂದರು.

ಇವರು ಕೂತವರೇ ಹೇಳಿಬಿಟ್ಟರು. 'ಅತ್ತೆ, ಒಂದ್ ಮಾತ್ ಹೇಳ್ಕ್. ನಾನ್ ಮರ್ಕದ್ದ್ ಮಾವನಿಗಲ್ಲ. ಅದೇ ದಿನ ನಮ್ಮನೆ ನಾಯಿ ಸತ್ತಿತ್. ಅದಕ್ಕಾಯಿ ಮರ್ಕದ್ದ್. ಜನ ತಪ್ಪ್ ತಿಳ್ಕಂಡ್ರ್, ನಾನ್ ಸುಮ್ನಾದೆ.'

ನಾನು ಎದ್ದು ನಿಲ್ಲಲು ತಯಾರಾಗಿಯೇ ಕೂತಿದ್ದೆ. ಬೈದು ಕಳಿಸುತ್ತಾರೆ, ಕಳಿಸಲಿ ಎಂದು. ಅತ್ತೆ ಚಾಪೆಯ ಅಂಚನ್ನು ಸವರಿದರು. ಆಮೇಲೆ ತಲೆ ಎತ್ತಿ, 'ಎಂತ ಆಯ್ದಿತ್ ಅದಕ್ಕೆ?' ಎಂದು ಕೇಳಿದರು.

ಅಷ್ಟು ದಿನದಲ್ಲಿ ಅದನ್ನು ಕೇಳಿದ ಮೊದಲ ಮನುಷ್ಯರು ಅವರು. ಇವರು ಹೇಳತೊಡಗಿದರು. ಉಣ್ಣಿ, ಜ್ವರ, ರಿಕ್ಷಾ, ರಕ್ತದ ರಿಪೋರ್ಟು. ಅತ್ತೆ ನಡುನಡುವೆ ಕೇಳುತ್ತಿದ್ದರು. ನೀರು ಕುಡಿಯುತ್ತಿತ್ತಾ, ಗುರುತು ಹಿಡಿಯುತ್ತಿತ್ತಾ, ಕಡೆಗೆ ನೋವಿತ್ತಾ? ಇವರು ಒಂದೊಂದಕ್ಕೂ ಉತ್ತರ ಕೊಟ್ಟರು. ನನ್ನ ಹತ್ತಿರವೂ ಹೇಳದಿದ್ದ ಎಷ್ಟೋ ಸಂಗತಿಗಳನ್ನು ಆ ಚಾಪೆಯ ಮೇಲೆ ಕೂತು ಹೇಳಿದರು. ಹೊರಗೆ ಅಡುಗೆಯವರು ತೆಂಗಿನಕಾಯಿ ಒಡೆಯುವ ಸದ್ದು ಕೇಳುತ್ತಿತ್ತು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ.

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. 'ಮಗಾ, ಆ ದಿನ ಇವ್ರ್ ಒಳ್ಗಿಂದ ನನ್ನ ಕರದ್ರ್. ನಾನ್ ಹಿತ್ಲಗೆ ಪಾತ್ರೆ ತೊಳೂತಿದ್ದೆ. ಕೇಂತ್ ನಂಗೆ. ಮದ್ವೆಯಾದ್ ಲಾಗಾಯ್ತ್ ಕರದ್ದೆಲ್ಲ ಬೈಯುಕೇ. ಇವತ್ತೂ ಅದಕ್ಕೇ ಅಂದೇಳಿ ನಾನ್ ಹೋಯ್ಲಿಲ್ಲ. ಇನ್ನೊಂದ್ಸಲ ಕರದ್ರ್. ಆಗ್ಳೂ ಹೋಯ್ಲಿಲ್ಲ. ಪಾತ್ರೆ ಪೂರಾ ತೊಳ್ದ್ ಮಗ್ಚಿ ಇಟ್ಟ್ ಹೋದೆ. ಹೋಪತಿಗೆ ಮುಗ್ದಿತ್.' ಅವರು ಹೋಗುವಷ್ಟರಲ್ಲಿ ಮಾವನ ಉಸಿರು ನಿಂತಿತ್ತು. 'ಯಾರ್ ಹತ್ರವೂ ಹೇಳ್ಲಿಲ್ಲ. ಮಗಳ್ ಹತ್ರವೂ ಇಲ್ಲ' ಎಂದರು.

ನಮ್ಮ ಜಗಲಿಯಲ್ಲಿ ಕೂತು ಜನ ಅಷ್ಟೊಂದು ಮಾತು ಹೇಳಿದ್ದರಲ್ಲ, ಅವೆಲ್ಲ ಈ ಹೆಂಗಸಿಗೆ ಸೇರಬೇಕಾದ ಮಾತುಗಳು. ದಾರಿ ತಪ್ಪಿ ನಮ್ಮ ಮನೆಗೆ ಬಂದವು, ನಾವು ಉಂಡು ಮುಗಿಸಿದೆವು. ಈಗ ಅವುಗಳಲ್ಲಿ ಒಂದನ್ನಾದರೂ ವಾಪಸು ಕೊಡೋಣ ಎಂದು ಬಾಯಿ ತೆರೆದೆ. ಪುಣ್ಯವಂತರು ಎನ್ನಲೇ? ನಮ್ಮ ಕೈಯಲ್ಲಿ ಏನಿದೆ ಎನ್ನಲೇ? ಅವರ ಕೈಯಲ್ಲಿ ಇತ್ತಲ್ಲ, ತೊಳೆಯುವ ಪಾತ್ರೆ.

ಅತ್ತೆ ಇವರ ಮುಖವನ್ನೇ ನೋಡುತ್ತ, 'ನೀನ್ ಹತ್ರ ಇದ್ದಿದ್ಯಾ, ಅದ್ ಹೋಪತಿಗೆ?' ಎಂದು ಕೇಳಿದರು.

ಇವರು ತಲೆ ಬಗ್ಗಿಸಿದರು. 'ಇಲ್ಲ ಅತ್ತೆ' ಎಂದರು. 'ಹೋಟ್ಲಗೆ ಇದ್ದೆ. ಗಿರಾಕಿ ಇದ್ದಿದ್ರ್. ಅದ್ ಕೂಗದ್ದ್ ಕೇಂತ್. ಒಂಚೂರ್ ತಡ್ದ್ ಹೋಪ ಅಂದೇಳಿ ನಿಂತೆ. ಹೋಪತಿಗೆ ಮುಗ್ದಿತ್.'

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಲುಗದ ಆ ತೊಡೆ, ಕಿವಿಯ ಮೇಲಿದ್ದ ಆ ಕೈ, ಎಲ್ಲ ನನ್ನ ಕಣ್ಣೆದುರೇ ಆದದ್ದು. ಆ ಸಾವಿನಲ್ಲಿ ಇವರಿಗೆ ಉಳಿದಿದ್ದ ಸಮಾಧಾನ ಅದೊಂದೇ. ಅತ್ತೆ ಇ‍ವರ ಎರಡೂ ಕೈಗಳನ್ನು ಹಿಡಿದುಕೊಂಡು, ಅವುಗಳ ಮೇಲೆ ಹಣೆಯಿಟ್ಟು ಅಳತೊಡಗಿದರು. ಗಂಡ ಸತ್ತ ಮೇಲೆ ಅವರು ಅತ್ತದ್ದು ಅದೇ ಮೊದಲು ಎಂದು ಬಾಗಿಲಿಗೆ ಓಡಿಬಂದ ಮಗಳು ಆಮೇಲೆ ಹೇಳಿದಳು.

ಎಡೆ ಬಡಿಸಲು ಇವರೇ ಹೋದರು. ಅತ್ತೆ ಬೇಡ ಎನ್ನಲಿಲ್ಲ. ಅಷ್ಟು ಅಳುವ ಅಳಿಯನನ್ನು ನೋಡಬೇಕೆಂದು ಕುಟುಂಬದ ಕೆಲವರು ಮುಂದೆ ಬಂದು ನಿಂತಿದ್ದರು. ಇವರ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಎಲೆಯ ಮುಂದೆ ಕೈಮುಗಿದು, 'ಮಾವ, ಬನ್ನಿ, ಉಣ್ಣಿ' ಎಂದು ಗಟ್ಟಿಯಾಗಿ ಕರೆದರು. ನಿಂತವರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. 'ಮರ್ಕಿ ಮರ್ಕಿ ನೀರ್ ಬತ್ತಿ ಹೋಯ್ತ್ ಪಾಪ' ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಊಟ ಮಾಡಿ ಹೊರಟೆವು. ಬಸ್ಸಿನಲ್ಲಿ ನಾನು, 'ಎಂತಕ್ಕೆ ಹಂಗ್ ಹೇಳ್ದ್ರಿ?' ಎಂದು ಕೇಳಿದೆ. 'ಮತ್ತೆಂತ ಹೇಳೂದ್ ಮಾರಾಯ್ತಿ?' ಎಂದರು. ನನಗೂ ಗೊತ್ತಿರಲಿಲ್ಲ.

ಮರುದಿನ ಶೇವ್ ಮಾಡಿ ಹೋಟೆಲು ತೆರೆದರು. ಮಾಸ್ತರರು ಬಂದು ಬನ್ಸ್ ತಿಂದರು. ಆವತ್ತಿನಿಂದ ಶಿರೂರಿನ ಅತ್ತೆ ಆಗಾಗ ಫೋನು ಮಾಡುತ್ತಾರೆ, ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ. ಕಷ್ಟಸುಖ ಆದ ಮೇಲೆ ಮಾತು ಅಲ್ಲಿಗೇ ಬರುತ್ತದೆ. ಅವರು ತೊಳೆದ ಪಾತ್ರೆಗಳ ವಿಷಯ ಹೇಳುತ್ತಾರೆ, ಇವರು ತಮ್ಮನ್ನು ನಿಲ್ಲಿಸಿಕೊಂಡ ಗಿರಾಕಿಯ ವಿಷಯ ಹೇಳುತ್ತಾರೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಹೆಚ್ಚಾಗುತ್ತದೆ. ಗಿರಾಕಿ ಚಾ ಕೇಳಿದ್ದ, ಚಾಕ್ಕೆ ಸಕ್ಕರೆ ಕಮ್ಮಿಯಾಗಿತ್ತು, ಮತ್ತೆ ಹಾಕಿ ಕೊಟ್ಟೆ, ಅಷ್ಟರಲ್ಲಿ ಅದು ಎರಡನೇ ಸಲ ಕೂಗಿತು. ಅಡುಗೆಮನೆಯಲ್ಲಿ ನಿಂತು ಕೇಳುವ ನನಗೇ ಆ ಚಾದ ಲೋಟ ಕಣ್ಣಿಗೆ ಕಟ್ಟುತ್ತದೆ. ಅತ್ತೆಗೆ ಇದರಿಂದ ಒಳ್ಳೆಯದಾಗಿದೆಯಂತೆ, ನಿದ್ದೆ ಬರುತ್ತಿದೆಯಂತೆ, ಮಗಳು ಹೇಳಿದಳು. ಇವರನ್ನು ತಡೆಯುವುದು ಹೇಗೆ?

ಮೊನ್ನೆ ಸಂಜೆ ಇವರು ಹಿಂದಿನ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಗೋಳಿಬಜೆಗೆ ಹಿಟ್ಟು ಕಲಸಿ ಕೈ ತೊಳೆದು ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅಂಗಳದ ಕಡೆ ನೋಡುತ್ತ, ನನ್ನ ಹತ್ತಿರವೋ ತಮ್ಮಷ್ಟಕ್ಕೋ ಗೊತ್ತಾಗದ ಹಾಗೆ, 'ಕುನ್ನಿ ಹೋಪತಿಗೆ ನಾನ್ ಹತ್ರ ಇರ್ಕಿದ್ದಿತ್' ಎಂದರು.

ಅದು ಹೋಗುವಾಗ ಹತ್ತಿರ ಇರಬೇಕಿತ್ತಂತೆ. ಅವರ ಕೈ ಹಿಡಿದುಕೊಂಡು ಹೇಳಿದೆ, 'ನೀವ್ ಇದ್ದಿದ್ರಿ. ಇಲ್ಲೇ, ಇದೇ ಜಾಗದಗೆ. ಅದ್ರ ತಲೆ ನಿಮ್ ತೊಡೆ ಮೇಲೇ ಇದ್ದಿತ್. ನಾನ್ ಆ ಬಾಗ್ಲಗೆ ನಿಂತ್ ಕಂಡಿದ್ದೆ.'

ಇವರು ನನ್ನ ಕಡೆ ತಿರುಗಿದರು. ಜಗಲಿಗೆ ಬಂದು ಕೂತವರು ಆಡಿದ ಮಾತುಗಳನ್ನು ಕೇಳಿಸಿಕೊಂಡ ಹಾಗೆಯೇ ಇದನ್ನೂ ಕೇಳಿಸಿಕೊಂಡರು. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು, ನನ್ನ ಕೈಯನ್ನು ಮೆಲ್ಲಗೆ ತಟ್ಟಿ, ಹೋಟೆಲಿನ ಕಡೆಗೆ ಎದ್ದು ಹೋದರು.